ಹೋಗುವಾಗ ಇಳಿಜಾರು, ಬರುವಾಗ ಏರು

ಸೈಕಲ್ ತುಳಿದು ಬೆಟ್ಟ ಹತ್ತುವ ಹುಚ್ಚಿದ್ದವರು ಬೆಂಗಳೂರಿನಲ್ಲಿ ಮನೆ ಮಾಡಬಾರದು. ಅವರು ಆಗಲೇ ಬೆಟ್ಟದ ಮೇಲಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಕನಕಪುರ ಸುಮಾರು 640. ಭಾನುವಾರ ಕೋಳಿ ಕೂಗುವ ಮುಂಚೆ ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿಕೊಂಡು, ಕಾಡು, ಬೆಟ್ಟ, ಸವಾಲು ಎಂದೆಲ್ಲ ಹೇಳಿಕೊಂಡು ಮರಳವಾಡಿ ಕಡೆ ಹೊರಡುವ ವೀರರು ಅಸಲಿಗೆ ಮಾಡುವುದು ಬೆಟ್ಟ ಇಳಿಯುವ ಕೆಲಸ. ರಾಗಿಹಳ್ಳಿ, ಶಿವನಹಳ್ಳಿ ಕಡೆಯ ಕಾಡಂಚಿನಲ್ಲಿ ಹೋದರೆ ತೊಡೆ ನಡುಗಿಸುವ ದಿಬ್ಬಗಳು ಸಿಗುತ್ತವೆ, ಒಪ್ಪೋಣ. ಆದರೆ ಕೂಡಿ ಕಳೆದರೆ ಉಳಿಯುವುದು ಇಳಿಜಾರೇ. ಹಾಗಾಗಿ ಹೋಗುವಾಗ ಎಲ್ಲರೂ ಶೂರರೇ. ಹಾಡೇನು, ಹರಟೆಯೇನು, ಒಂದು ಕೈ ಬಿಟ್ಟು ಸೆಲ್ಫಿಯೇನು!

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗನಿಗೂ ಇದೇ ರೋಗ. ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬದಿಯ ಊರುಗಳಿಂದ ಗುಡ್ಡಕ್ಕೆ ಹತ್ತುವ ಓಲ್ಡ್ ಲಾ ಹೋಂಡಾ ಎಂಬ ಕಿರುದಾರಿ ಇದೆ. ಐದು ಕಿಲೋಮೀಟರಿಗೆ ಚೂರು ಮೇಲೆ, ಅಷ್ಟರಲ್ಲೇ ಸುಮಾರು 390 ಮೀಟರ್ ಏರು. ಮೇಲೆಲ್ಲ ರೆಡ್‌ವುಡ್ ಮರಗಳು. ಭೂಮಿಯ ಮೇಲೆ ಇವನ್ನು ಮೀರಿ ಬೆಳೆಯುವ ಮರ ಇನ್ನೊಂದಿಲ್ಲ. ನೂರು ಮೀಟರ್ ದಾಟಿದವೂ ಆ ಜಾತಿಯಲ್ಲಿವೆ. ಬೇಸಿಗೆಯಲ್ಲಿ ಮಳೆ ಬರದಿದ್ದರೆ ಕಡಲಿಂದ ತೇಲಿ ಬರುವ ಮಂಜನ್ನೇ ಹೀರಿಕೊಂಡು ಕಾಲ ಹಾಕುತ್ತವಂತೆ. ಫೋಟೋ ಕಳಿಸಿ, "ಮಾಮ, ನಿಮ್ಮ ಕಡೆ ಇಂಥ ಮರ ಇದ್ಯಾ?" ಎಂದು ಕೆಣಕುತ್ತಾನೆ.

ಇಲ್ಲಪ್ಪಾ, ಇಲ್ಲ. ನಮ್ಮ ಕಡೆ ಮರ ಕೆಂಪಿಲ್ಲ, ಕಲ್ಲು ಕೆಂಪು. ನಿನ್ನ ಮರಕ್ಕೆ ಗಟ್ಟಿ ಆಯುಸ್ಸೆಂದರೆ ಎರಡು ಸಾವಿರ ವರ್ಷ. ರಾಮನಗರ, ಮಾಗಡಿ, ಕನಕಪುರದ ಈ ನಸುಗೆಂಪು ಬಂಡೆಗೆ 250 ಕೋಟಿ ವರ್ಷ. ಭೂವಿಜ್ಞಾನಿಗಳು ಇವತ್ತಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ದೆಸೆಯಿಂದ ರಾಮನಗರಕ್ಕೆ ಒಂದು ಕಾಲಕ್ಕೆ ಬಂದಿದ್ದ ಹೆಸರು ಅದು. ಆಮೇಲೆ ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ನಾಮಕರಣವಾಯಿತು. ಇದರಿಂದ ಸೈಕಲ್ಲಿನವರಿಗೆ ಆದ ಅನ್ಯಾಯವನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನ ಸಹವಾಸ ಸಾಕು ಎಂದು ನಲವತ್ತು ಚಿಲ್ಲರೆ ಕಿಲೋಮೀಟರ್ ತುಳಿದು ಬಂದು ಮರಳವಾಡಿಯಲ್ಲಿ ಉಸ್ಸಪ್ಪಾ ಎಂದು ಕಾಲು ನೆಲಕ್ಕೂರಿ ತಲೆ ಎತ್ತಿದರೆ, ಬೋರ್ಡಿನಲ್ಲಿ ಮತ್ತೆ ಬೆಂಗಳೂರು!

ಕಾಡಿನ ವಿಷಯಕ್ಕೆ ಬರೋಣ. ಬನ್ನೇರುಘಟ್ಟ ಎಂದರೆ ಮಕ್ಕಳನ್ನು ಹುಲಿ ತೋರಿಸಲು ಕರೆದುಕೊಂಡು ಹೋಗುವ ಜಾಗ ಎಂದುಕೊಂಡವರೇ ಬಹಳ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡಿಗೆ ಹಾರೋಹಳ್ಳಿಯದೊಂದು, ಕೋಡಿಹಳ್ಳಿಯದೊಂದು ವಲಯವೂ ಇವೆ. ತೆಂಕಲಿಗೆ ಕಾವೇರಿ ವನ್ಯಧಾಮದವರೆಗೂ ಆನೆಗಳ ಓಡಾಟ. ದಿಂಡಿಗ, ಜಾಲಾರಿ, ಮುತ್ತುಗ, ಬಿದಿರು, ಹುಣಸೆ ಎಲ್ಲ ಬೆಳೆಯುವ ಒಣಕಾಡು ಇದು. ಮಾರ್ಚಿನಲ್ಲಿ ಎಲೆ ಉದುರಿಸಿಕೊಂಡು ನಿಂತಿರುತ್ತದೆ, ನೆರಳು ಕೇಳಿದರೆ ನಾನೇ ಬಿಸಿಲಲ್ಲಿದ್ದೇನೆ ಎನ್ನುತ್ತದೆ. ಮರದ ಎತ್ತರ ಕಡಿಮೆ ಎಂದು ಬೇಸರ ಬೇಡ, ಎತ್ತರದ ಖಾತೆಯನ್ನು ಆನೆಗಳು ವಹಿಸಿಕೊಂಡಿವೆ. ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಹಾಕಿದ್ದಾರೆ, ಹಳೆಯ ರೈಲು ಹಳಿಗಳನ್ನು ನೆಟ್ಟು ತಡೆ ಕಟ್ಟಿದ್ದಾರೆ. ಆದರೂ ರಾಗಿ ತೆನೆ ಹಾಲುಗಟ್ಟಿದ ಸುದ್ದಿ ಹೊಲದ ಯಜಮಾನನಿಗಿಂತ ಮೊದಲು ಅವಕ್ಕೆ ಮುಟ್ಟಿರುತ್ತದೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲು ಕೂತು, ಬೆಳಗ್ಗೆ ಕಂಬಳಿ ಹೊದ್ದು ಮನೆಗೆ ಹೊರಟಿದ್ದವರೊಬ್ಬರನ್ನು ನಮ್ಮ ಜೊತೆಯ ಹುಡುಗ ನಿಲ್ಲಿಸಿ, "ಅಣ್ಣಾ, ಇಲ್ಲಿ ಆನೆ ಬರ್ತವಾ?" ಎಂದು ಕೇಳಿದ. "ಇಲ್ಲ ಸಾ," ಎಂದರು ಅವರು, "ಈಗ ತಾನೇ ಹೋದೊ." ಆ ಹುಡುಗ ಮುಂದಿನ ದಿಬ್ಬ ಹತ್ತಿದ ವೇಗ ಅವನ ಜೀವಮಾನದ ದಾಖಲೆ. ಸೈಕಲ್ ಸವಾರಿ ದಾಖಲಿಸುವ ಆ್ಯಪಿನಲ್ಲೂ ಏರಿಸಿದ್ದಾನೆ. ಕಾರಣ ಮಾತ್ರ ಬರೆದಿಲ್ಲ.

ಆನೆಗಿಂತ ನಿತ್ಯದ ಕಾಟ ನೆಗ್ಗಿಲ ಮುಳ್ಳಿನದು. ಬೆರಳಗಲದ ಟೈರಿಗೆ ಕಲ್ಲಾಗುವಷ್ಟು ಗಾಳಿ ತುಂಬಿಕೊಂಡು ಬರುವ ಸೈಕಲ್ಲುಗಳೆಂದರೆ ಅದಕ್ಕೆ ಬಲು ಪ್ರೀತಿ.

ಇಷ್ಟೆಲ್ಲ ದಾಟಿ ಬಂದವರಿಗೆ ನಿಜವಾದ ಪರೀಕ್ಷೆ ಇರುವುದು ಟೀ ಅಂಗಡಿಯ ಬೆಂಚಿನಲ್ಲಿ. ಮೈಗಂಟಿದ ಬಣ್ಣದ ಬನಿಯನ್ನು, ಹಿಂಬದಿಗೆ ದಿಂಬು ಹೊಲಿದ ಚಡ್ಡಿ. ನೋಡಿದ ಅಜ್ಜಿಗೆ ಮೊದಲು ಹುಟ್ಟುವುದು ಕರುಣೆ. "ಬಸ್ಸು ತಪ್ಪೋಯ್ತಾ ಮಗಾ?"

"ಇಲ್ಲ ಅಜ್ಜಿ, ಮೈ ದಣೀಲಿ ಅಂತ ಬಂದ್ವಿ."

"ಅದ್ಕೆ ಇಷ್ಟು ದೂರ್ವಾ? ನಮ್ಮ ರಾಗಿ ಹೊಲ್ದಲ್ಲಿ ಕಳೆ ಬೆಳ್ಕೊಂಡು ಕುಂತೈತೆ, ಬಾ. ಮೈಯೂ ದಣೀತದೆ, ಮದ್ಯಾನ್ಕೆ ಮುದ್ದೆನೂ ಆಯ್ತದೆ."

ಅಷ್ಟರಲ್ಲಿ ಬೀಡಿ ಕಚ್ಚಿದ ಗೌಡರೊಬ್ಬರು ಸೈಕಲ್ಲಿಗೆ ಪ್ರದಕ್ಷಿಣೆ ಹಾಕಿ ಬೆಲೆ ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ನಮ್ಮವರಲ್ಲಿ ಒಂದು ಪದ್ಧತಿ ಉಂಟು. ಹೆಂಡತಿಗೆ ಹೇಳಿದ್ದರಲ್ಲಿ ಅರ್ಧ ಹೇಳುವುದು. ಹೆಂಡತಿಗೆ ಹೇಳಿದ್ದೇ ಅರ್ಧ. ಹೀಗೆ ಎರಡು ಸಲ ತುಂಡಾಗಿ ಎಂಬತ್ತು ಸಾವಿರಕ್ಕೆ ಇಳಿದ ಬೆಲೆ ಕೇಳಿ ಗೌಡರು ಎಣಿಸುತ್ತಾರೆ: ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ. "ಇಷ್ಟೆಲ್ಲ ಕಿತ್ತಾಕಿದ್ಮೇಲೂ ಎಂಬತ್ ಸಾವ್ರನಾ? ಎಲ್ಲಾ ಇರೋದ್ಕೆ ಇನ್ನೆಷ್ಟಪ್ಪಾ!" ಇದಕ್ಕೆ ಉತ್ತರ ಕೊಟ್ಟ ಸವಾರನನ್ನು ನಾನಿನ್ನೂ ಕಂಡಿಲ್ಲ.

ಆ ಹೊತ್ತಿಗೇ ಡೈರಿಗೆ ಹಾಲು ಹಾಕಿ ಒಬ್ಬರು ದಾಟಿ ಹೋಗುತ್ತಾರೆ. ಒಂದೇ ಗೇರಿನ ಹಳೇ ಅಟ್ಲಾಸ್, ಎರಡು ಬದಿಗೆ ಕ್ಯಾನು, ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮವರು ಇಪ್ಪತ್ತೆರಡು ಗೇರು ಬದಲಿಸಿ ಬದಲಿಸಿ ಹತ್ತಿದ ದಿಬ್ಬವನ್ನು ಆತ ದಿನಾ ಎರಡು ಹೊತ್ತು ಹತ್ತುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿದ ಮೇಲೆ, ಕ್ಯಾರಿಯರಿನಲ್ಲಿ ಬ್ಯಾಗು, ಮುಂದೆ ಬುಟ್ಟಿ ಇಟ್ಟುಕೊಂಡು ಹೆಣ್ಣುಮಕ್ಕಳೂ ಇಂಥ ದಿಬ್ಬಗಳನ್ನು ಹತ್ತಿ ಸ್ಕೂಲಿಗೆ ಹೋದರು. ಇವರ್ಯಾರೂ ಆ್ಯಪಿನಲ್ಲಿ ಇಲ್ಲದಿರುವುದು ನಮ್ಮವರ ಪುಣ್ಯ. ಇದ್ದಿದ್ದರೆ, ದಿಬ್ಬವನ್ನು ಎಲ್ಲರಿಗಿಂತ ಬೇಗ ಹತ್ತಿದವರಿಗೆ ಅಲ್ಲಿ ಸಿಗುವ 'ಬೆಟ್ಟದ ರಾಜ' ಎಂಬ ಕಿರೀಟ ಬೆಂಗಳೂರಿಗೆ ಬರುತ್ತಲೇ ಇರಲಿಲ್ಲ.

ಇನ್ನು ವಾಪಸಾತಿ. ಅಕ್ಕನ ಮಗನಿಗೆ ಹತ್ತಿದ್ದು ಹತ್ತಿದ ಮೇಲೆ ಮನೆವರೆಗೂ ಇಳಿಜಾರು. ನಮಗೆ ಚಿತ್ರಾನ್ನ, ಬೋಂಡ, ಎರಡೆರಡು ಟೀ ಹೊಟ್ಟೆಗಿಳಿದು, ಬಿಸಿಲು ನೆತ್ತಿಗೆ ಬಂದ ಮೇಲೆ ಬೆಟ್ಟ ಶುರು. ಆ ಬೆಟ್ಟದ ಹೆಸರು ಬೆಂಗಳೂರು. ಹಾರೋಹಳ್ಳಿಯಲ್ಲಿ ಹಾಡು ನಿಲ್ಲುತ್ತದೆ, ಸೋಮನಹಳ್ಳಿಯಲ್ಲಿ ಮಾತು ನಿಲ್ಲುತ್ತದೆ, ಕಗ್ಗಲೀಪುರದಲ್ಲಿ ಸ್ನೇಹವೇ ನಿಲ್ಲುತ್ತದೆ. ತಲಘಟ್ಟಪುರದ ಹತ್ತಿರ ರೇಷ್ಮೆ ಸಂಸ್ಥೆಯ ಮೆಟ್ರೋ ನಿಲ್ದಾಣ ಕಂಡಾಗ ಕಣ್ಣು ತುಂಬಿ ಬಂದವರುಂಟು. ಬೆವರು ಕಣ್ಣಿಗಿಳಿಯಿತು ಎಂದು ಸಾಧಿಸುತ್ತಾರೆ, ಇರಲಿ.

ಎಲ್ಲರೂ ಅಲ್ಲಿವರೆಗೆ ತಲುಪುವುದೂ ಇಲ್ಲ. ಹಾರೋಹಳ್ಳಿಯ ಆಚೆ ಒಂದು ಏರಿನ ಬುಡದಲ್ಲಿ, ಹೊಂಗೆ ಮರದ ಕೆಳಗೆ ಭಾನುವಾರ ಮಧ್ಯಾಹ್ನ ಒಂದು ಗೂಡ್ಸ್ ಆಟೋ ನಿಂತಿರುತ್ತದೆ. ವಾರದ ದಿನಗಳಲ್ಲಿ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹೊಡೆಯುವ ಗಾಡಿ. ಡ್ರೈವರ್ ಯಾರನ್ನೂ ಕೂಗಿ ಕರೆಯುವುದಿಲ್ಲ, ಕೈಯನ್ನೂ ಬೀಸುವುದಿಲ್ಲ. ಸೀಟಿನ ಮೇಲೆ ಕಾಲು ಚಾಚಿಕೊಂಡು ಕಡಲೆಕಾಯಿ ತಿನ್ನುತ್ತಾ, ದಿಬ್ಬದ ಅರ್ಧದಲ್ಲಿ ಯಾರು ಇಳಿದು ತಳ್ಳಲು ಶುರುಮಾಡುತ್ತಾರೆ ಎಂದು ನೋಡುತ್ತಿರುತ್ತಾನೆ. ಬನಶಂಕರಿವರೆಗೆ ಎಷ್ಟು ಎಂದು ಕೇಳಿದರೆ ಮಾತ್ರ ತಲೆ ಎತ್ತುತ್ತಾನೆ.

"ಸೈಕಲ್ಗಾ ಸಾ, ನಿಮಗಾ? ಸೈಕಲ್ಗಾದ್ರೆ ಕಮ್ಮಿ. ಅದು ಸುಸ್ತಾಗಿಲ್ಲ."