ಕಾಳು ತಿಂದವ ಬದುಕಿದ

ಪಕ್ಕದ ಫ್ಲ್ಯಾಟಿನ ಶೆಟ್ರು ಬಾಲ್ಕನಿಗೆ ಮತ್ತೆ ಜಾಲಿ ಕಟ್ಟಿಸುತ್ತಿದ್ದಾರೆ. "ಎಂಥ ಉಪದ್ರ ಮಾರಾಯ್ರೆ ಈ ಪಾರಿವಾಳದ್ದು! ಎ.ಸಿ. ಮೇಲೆ ಗೂಡು, ಒಣಗಿಸಿದ ಅಂಗಿ ಮೇಲೆ ಹಿಕ್ಕೆ." 2025ರಲ್ಲಿ ಮುಂಬಯಿ ಪಾಲಿಕೆಯವರು, ಜನ ಪಾರಿವಾಳಕ್ಕೆ ಕಾಳು ಚೆಲ್ಲುವ ದಾದರಿನ ಕಬೂತರ್‌ಖಾನೆಗೆ ತಾಡಪತ್ರಿ ಹೊದೆಸಿ ಗಲಾಟೆಯಾಯಿತಲ್ಲ, ಆಗ ಇವರು ಪಾಲಿಕೆಯ ಪಕ್ಷ. ನಾನು ಯಾರ ಪಕ್ಷವೂ ಅಲ್ಲ. ಪಾರಿವಾಳದ ಖಾನ್‌ದಾನ್ ಮಾತ್ರ ದೊಡ್ಡದು ಶೆಟ್ರೇ, ಎಂದೆ.

"ಡೈನೊಸಾರ್ ವಂಶ ಅಂತ ಮೊಮ್ಮಗನೂ ಹೇಳ್ತಾನೆ. ಉಳಿದದ್ದೆಲ್ಲ ಸಾಯುವಾಗ ಇದು ಹೇಗೆ ಬಚಾವಾಯ್ತು?"

ಹಕ್ಕಿಗಳೂ ಎಲ್ಲ ಉಳಿಯಲಿಲ್ಲ. ಆಗ ಮೆರೆಯುತ್ತಿದ್ದದ್ದು ಎನಾಂಟಿಯೊರ್ನಿಥೀಸ್ ಎಂಬ ಕುಲ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿಯೇ ಹಾರಿಹೋದೀತು. ಹೆಚ್ಚಿನವಕ್ಕೆ ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರು, ವಾಸ ಮರದ ಮೇಲೆ. 6.6 ಕೋಟಿ ವರ್ಷದ ಹಿಂದೆ ಕ್ಷುದ್ರಗ್ರಹ ಬಿದ್ದು ಕಾಡುಗಳು ನಾಶವಾದಾಗ ಅವು ನಿರ್ವಂಶ. ನೆಲದ ಮೇಲೆ ಓಡಾಡಿಕೊಂಡು, ಹಲ್ಲಿಲ್ಲದ ಕೊಕ್ಕಿನಿಂದ ಮಣ್ಣಿನ ಬೀಜ ಹೆಕ್ಕಬಲ್ಲವು ದಾಟಿಕೊಂಡವು ಎಂದು ಕೆಲವು ವಿಜ್ಞಾನಿಗಳ ವಾದ.

"ಹಾಗಾದ್ರೆ ಆಗಲೂ ಕಾಳು ತಿಂದೇ ಬದುಕಿದ್ದಾ?" ದಾದರಿನಲ್ಲಿ ಕಡಲೆ ಚೆಲ್ಲುವವರ ಮೇಲೆ ಶೆಟ್ರ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

ಡೈನೊಸಾರ್ ಮಾತು ಬಂತಲ್ಲ, ನಮ್ಮ ಅಂಧೇರಿಯ ಗಿಲ್ಬರ್ಟ್ ಹಿಲ್, ಮೇಲೆ ಗಾಂವದೇವಿ ಗುಡಿ ಇರುವುದು, ಡೈನೊಸಾರ್ ಕಾಲದ್ದೆಂದು ಕಂಡಕಂಡವರೆಲ್ಲ ಹೇಳುತ್ತಾರೆ. ಆದರೆ 2001ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆ ಕಲ್ಲಿನ ವಯಸ್ಸು ಸುಮಾರು 6.05 ಕೋಟಿ ವರ್ಷ. ಲಾವಾ ಆರಿ ಕಂಬ ಕಂಬವಾಗುವ ಹೊತ್ತಿಗೆ ಆ ವಂಶದಲ್ಲಿ ಉಳಿದಿದ್ದದ್ದು ಹಕ್ಕಿಗಳೇ. ಅಂಥ ಹಳೆಯ ಹಕ್ಕಿಗಳ ಗುರುತು ನಮ್ಮ ದೇಶದಲ್ಲೂ ಇದೆ: ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಹಕ್ಕಿಮೂಳೆಗಳು ಸಿಕ್ಕಿವೆ. ಅಲ್ಲಿಯ ಒಂದು ಹಕ್ಕಿಗೆ 2007ರಲ್ಲಿ ವಸ್ತಾನವಿಸ್ ಎಂದು ಹೆಸರಿಟ್ಟರು.

"ಗುಜರಾತಿನವರದ್ದು ಬಿಡಿ. ಮಹಾರಾಷ್ಟ್ರದ್ದು?"

ಜಳಗಾಂವ್ ಜಿಲ್ಲೆಯ ಪಾಟಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಸಿಕ್ಕಿದೆ, ಸುಮಾರು 25,000 ವರ್ಷದ್ದು. ಅಲ್ಲಿಯ ಜನ ಅದನ್ನು ಉಜ್ಜಿ ಮಣಿ ಮಾಡಿದ್ದಾರೆ. ಒಂದು ಚೂರಿನ ಮೇಲಂತೂ ಅಡ್ಡಡ್ಡ ಗೆರೆ ಕೊರೆದು ಚಿತ್ತಾರ ಬಿಡಿಸಿದ್ದಾರೆ. ಭಾರತದ ಇಂಥ ಹಳೆಯ ಚಿಪ್ಪಿನಿಂದ ಡಿಎನ್‌ಎ ತೆಗೆದು ನೋಡಿದ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರು, ಆಫ್ರಿಕದ ಉಷ್ಟ್ರಪಕ್ಷಿಗೆ ಇದು ತೀರಾ ಹತ್ತಿರದ ನೆಂಟ ಎಂದು 2017ರಲ್ಲಿ ಹೇಳಿದರು.

"ಮೊಟ್ಟೆ ಎಷ್ಟು ದೊಡ್ಡದು?"

"ಸುಮಾರು ಎರಡು ಡಜನ್ ಕೋಳಿಮೊಟ್ಟೆಯಷ್ಟು."

ಬೊರಿವಲಿಯಲ್ಲಿ ಹೋಟೆಲ್ ನಡೆಸಿದ ಆಸಾಮಿ, ಬೆರಳು ಮಡಿಸಿದರು. "ಹನ್ನೆರಡು ಡಬಲ್ ಆಮ್ಲೆಟ್. ಗ್ಯಾಸ್ ಉಳಿಯುವುದಿಲ್ಲ, ಮೊಟ್ಟೆ ಒಡೆಯುವ ಹುಡುಗನ ಟೈಮ್ ಉಳಿಯುತ್ತದೆ."