ಜಿಮ್ಮಿ ಪೋರ್ಟರ್‌ಗೆ ಒಂದು ಬಹಿರಂಗ ಪತ್ರ

ಪ್ರಿಯ ಜಿಮ್ಮಿ,

ನೀನು ನಾಟಕದ ಪಾತ್ರ, ಉತ್ತರ ಬರೆಯಲಾರೆ. ಆದರೂ ಈ ಕಾಗದ ನಿನಗೇ ಬರೆಯಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರಂಗಭೂಮಿ ಕಂಡ ಗಂಡಸು ಹೇಗಿದ್ದ ಎಂದು ಕೇಳಿದರೆ ಜನ ಮೊದಲು ತೋರಿಸುವುದು ನಿನ್ನನ್ನೇ. 1956ರ ಮೇ 8ರಂದು ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಜಾನ್ ಆಸ್ಬೋರ್ನ್‌ನ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ಮೊದಲ ಸಲ ರಂಗವೇರಿದಾಗ ನೀನು, ನಿನ್ನ ಗೆಳೆಯ ಕ್ಲಿಫ್ ಭಾನುವಾರದ ಪತ್ರಿಕೆ ಹರಡಿಕೊಂಡು ಕೂತಿದ್ದಿರಿ. ನಿನ್ನ ಹೆಂಡತಿ ಅಲಿಸನ್ ಇಸ್ತ್ರಿ ಮಾಡುತ್ತ ನಿಂತಿದ್ದಳು. ಇಕ್ಕಟ್ಟಾದ ಮಾಳಿಗೆ ಕೋಣೆ, ಮಾಸಿದ ಸಾಮಾನು, ಮಾತಾಡುವವನು ನೀನೊಬ್ಬನೇ. ಕೆನೆತ್ ಟೈನನ್‌ನಂಥ ವಿಮರ್ಶಕ ನಿನ್ನನ್ನು ತಲೆ ಮೇಲೆ ಹೊತ್ತು ಮೆರೆಸಿದ. ಒಂದಿಡೀ ಪೀಳಿಗೆಗೆ ಸಿಟ್ಟಿನ ತರುಣರು ಎಂಬ ಹೆಸರು ಬಂತು.

ನಿನ್ನ ಸಿಟ್ಟು ಸುಳ್ಳಲ್ಲ. ಸ್ಪೇನಿನ ಯುದ್ಧದಿಂದ ಜರ್ಜರಿತನಾಗಿ ಬಂದ ಅಪ್ಪ ತಿಂಗಳುಗಟ್ಟಲೆ ನರಳಿ ಸಾಯುವುದನ್ನು 10 ವರ್ಷದ ಹುಡುಗನಾಗಿ ಪಕ್ಕದಲ್ಲೇ ಕೂತು ನೋಡಿದವನು ನೀನು. ಮನೆಯ ಬೇರೆ ಯಾರಿಗೂ ಆ ಮನುಷ್ಯ ಬೇಕಿರಲಿಲ್ಲ. ಮುಂದೆ ವಿಶ್ವವಿದ್ಯಾಲಯ ಓದಿದೆ, ಓದಿ ಸಂತೆಯಲ್ಲಿ ಮಿಠಾಯಿ ಮಾರಿದೆ. ಓದು ಕೊಟ್ಟ ದೇಶ ಜಾಗ ಕೊಡಲಿಲ್ಲ. ಇದನ್ನೆಲ್ಲ ಓದುವಾಗ ನನ್ನ ಹೊಟ್ಟೆಯೂ ಉರಿಯುತ್ತದೆ.

ಆದರೆ ಜಿಮ್ಮಿ, ಆ ಬೆಂಕಿ ಬಿದ್ದದ್ದು ಯಾರ ಮೇಲೆ? ನೀನು ಬೈದ ಪಾದ್ರಿಗಳು, ಮಂತ್ರಿಗಳು, ಸಿರಿವಂತರು ಯಾರೂ ಆ ಕೋಣೆಯಲ್ಲಿರಲಿಲ್ಲ. ಇದ್ದವಳು ಅಲಿಸನ್. ಕ್ಲಿಫ್ ಜೊತೆ ಕುಸ್ತಿಗೆ ಬಿದ್ದು ಇಸ್ತ್ರಿಯ ಹಲಗೆ ಕೆಡವಿದೆ, ಅವಳ ತೋಳು ಸುಟ್ಟಿತು. ಬೇಕೆಂದೇ ಮಾಡಿದೆ ಎಂದು ಆಮೇಲೆ ನೀನೇ ಒಪ್ಪಿಕೊಂಡೆ. ಅವಳು ಬಸಿರಾಗಿದ್ದಾಳೆಂಬುದು ಕ್ಲಿಫ್‌ಗೆ ಗೊತ್ತಾಯಿತು, ನಿನಗೆ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಅದೇ ಹೊತ್ತಿಗೆ ನೀನು, ಅವಳಿಗೊಂದು ಮಗು ಹುಟ್ಟಿ ಸಾಯಬೇಕು, ಆಗ ಅವಳು ಮನುಷ್ಯಳಾದಾಳು ಎಂಬರ್ಥದ ಮಾತಾಡಿದೆ. ಮುಂದೆ ಮಗು ಹೋಯಿತು. ನಾಟಕಕಾರ ನಿನ್ನ ಶಾಪವನ್ನು ನೆರವೇರಿಸಿಕೊಟ್ಟ. ಆಸ್ಬೋರ್ನ್ ಮೇಲೆ ನನಗಿರುವ ದೊಡ್ಡ ತಕರಾರು ಇದು: ಹೆಣ್ಣು ನೋವುಂಡ ಮೇಲೆಯೇ ಪಕ್ವಳಾಗುತ್ತಾಳೆ ಎಂಬ ನಿನ್ನ ಮಾತನ್ನು ಅವನು ಪ್ರಶ್ನಿಸಲೇ ಇಲ್ಲ, ಕಥೆಯ ದಾರಿಯನ್ನಾಗಿ ಮಾಡಿಕೊಂಡ.

ನಿನ್ನ ಮಾವ ಕರ್ನಲ್ ರೆಡ್‌ಫರ್ನ್ ನೆನಪಿಗೆ ಬರುತ್ತಾನೆ. 1914ರಲ್ಲಿ ಊರು ಬಿಟ್ಟು, ನಮ್ಮ ನಾಡಿನಲ್ಲಿ ಮಹಾರಾಜನೊಬ್ಬನ ಸೈನ್ಯ ನಡೆಸಿ, 1947ರಲ್ಲಿ ವಾಪಸಾದವನು. ನಮಗೆ ಸ್ವಾತಂತ್ರ್ಯವಾದದ್ದು ಅವನಿಗೆ ಸೂರ್ಯಾಸ್ತ. ಮಗಳನ್ನು ಕರೆದೊಯ್ಯಲು ಬಂದವನು ಕಳೆದುಹೋದ ಆ ದಿನಗಳನ್ನು ನೆನೆದು ಹಲುಬುತ್ತಾನೆ, ಬಟ್ಟೆಬರೆ ಪೆಟ್ಟಿಗೆಗೆ ತುಂಬುತ್ತ ಅಲಿಸನ್ ಕೇಳಿಸಿಕೊಳ್ಳುತ್ತಾಳೆ. ಸಾಮ್ರಾಜ್ಯ ಕಳೆದುಕೊಂಡ ಮುದುಕನಿಗೂ ಮಾತು ಸಿಕ್ಕಿತು, ಹೋರಾಡಲು ಕಾರಣವೇ ಉಳಿದಿಲ್ಲವೆಂದು ಕುದಿಯುವ ನಿನಗೂ ಸಿಕ್ಕಿತು. ಇಬ್ಬರಿಗೂ ಕಿವಿಯಾದವಳು ಅವಳು. ಯುದ್ಧ ಮುಗಿದ ಕಾಲದ ಗಂಡಸಿನ ಸಂಕಟವನ್ನು ಇಷ್ಟು ಅಂತಃಕರಣದಿಂದ ಬರೆದ ಕೈ, ಅದೇ ಕಾಲದ ಹೆಣ್ಣಿಗೆ ಕೆಲಸ ಕೊಟ್ಟಿತು, ಮೌನ ಕೊಟ್ಟಿತು. ಅವಳು ಹೋದ ಮೇಲೆ ಇಸ್ತ್ರಿಗೆ ನಿಂತವಳು ಅವಳ ಗೆಳತಿ ಹೆಲೆನಾ, ಅದೂ ನಿನ್ನ ಅಂಗಿ ತೊಟ್ಟು.

ನೀನೊಬ್ಬನೇ ಹೀಗಿದ್ದೆ ಎನ್ನಲಾರೆ. ಅಟ್ಲಾಂಟಿಕ್‌ನ ಆಚೆ, 1949ರಲ್ಲಿ ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ವಿಲ್ಲಿ ಲೋಮನ್ ತನ್ನ ಸೋಲನ್ನು ಇಡೀ ಮನೆಯ ಮೇಲೆ ಹೊದಿಸಿದ. ಹೆಂಡತಿ ಲಿಂಡಾ ಹರಿದ ಕಾಲುಚೀಲ ಹೊಲಿಯುತ್ತ ಅವನ ಘನತೆಗಾಗಿ ಮಕ್ಕಳೊಂದಿಗೆ ಜಗಳಕ್ಕೆ ನಿಂತಳು. ಆದರೆ ಮಿಲ್ಲರ್ ತನ್ನ ನಾಯಕನ ಭ್ರಮೆಯನ್ನು ಕಣ್ಣಿಟ್ಟು ನೋಡಿದ, ಹೊಸ ಕಾಲುಚೀಲ ಬೇರೊಬ್ಬಳ ಪಾಲಾದದ್ದನ್ನು ಮುಚ್ಚಿಡಲಿಲ್ಲ.

ನಿನ್ನ ದೇಶದಲ್ಲೇ ನಿನಗೆ ಮರುಮಾತು ಬರಲು ಎರಡೇ ವರ್ಷ ಸಾಕಾಯಿತು. 1958ರಲ್ಲಿ, 19ರ ಹರೆಯದ ಶೀಲಾ ಡಿಲೇನಿ ಬರೆದ ‘ಎ ಟೇಸ್ಟ್ ಆಫ್ ಹನಿ’ಯನ್ನು ಜೋನ್ ಲಿಟಲ್‌ವುಡ್ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಆಡಿಸಿದಳು. ಅದರಲ್ಲೂ ಹೊಲಸು ಬಾಡಿಗೆ ಮನೆ, ಬಸಿರಾದ ಹುಡುಗಿ. ಅಲ್ಲಿನ ಜೆಫ್ರಿ ಎಂಬ ಹುಡುಗ ಅಡುಗೆ ಮಾಡುತ್ತಾನೆ, ಮನೆ ಗುಡಿಸುತ್ತಾನೆ, ಹುಟ್ಟಲಿರುವ ಮಗುವಿಗಾಗಿ ತಯಾರಿ ನಡೆಸುತ್ತಾನೆ. ಅವನೂ ಅದೇ ದೇಶದ, ಅದೇ ಬಡತನದ ಗಂಡಸು. ಸಲಿಂಗಿಯೆಂದು ಸಮಾಜ ಅವನನ್ನು ನಿನಗಿಂತ ಕ್ರೂರವಾಗಿ ಹೊರಗಿಟ್ಟಿತ್ತು. ಅವನ ನೋವು ಪಕ್ಕದಲ್ಲಿದ್ದವಳನ್ನು ಸುಡಲಿಲ್ಲ. ಆದರೂ ಯುಗಪುರುಷನಾದವನು ನೀನು, ಜೆಫ್ರಿಯ ಹೆಸರು ಎಷ್ಟು ಜನರಿಗೆ ನೆನಪಿದೆ?

ಕೊನೆಯ ಅಂಕಕ್ಕೆ ಬರುತ್ತೇನೆ. ಮಗು ಕಳೆದುಕೊಂಡು, ಬಾಡಿದ ಮುಖ ಹೊತ್ತು ಅಲಿಸನ್ ವಾಪಸು ಬಂದಳು. ಆಗ ನೀನು ಎತ್ತಿದ ದೂರು ಏನು? ನಿನಗೆ ತಾಯಿಯಂತಿದ್ದ ಶ್ರೀಮತಿ ಟ್ಯಾನರ್‌ಳ ಅಂತ್ಯಕ್ರಿಯೆಗೆ ಅವಳು ಒಂದು ಗೊಂಚಲು ಹೂವನ್ನೂ ಕಳಿಸಲಿಲ್ಲ ಎಂದು. ಆ ದೂರಿನಲ್ಲಿ ನ್ಯಾಯವಿದೆ, ಸಾಯುತ್ತಿದ್ದವಳ ಬಳಿಗೆ ಜೊತೆಯಲ್ಲಿ ಬಾ ಎಂದು ನೀನು ಅಂಗಲಾಚಿದ್ದೆ, ಅವಳು ಬರಲಿಲ್ಲ. ಆದರೆ ಅವಳ ಮಗುವಿಗೆ ನೀನು ಏನು ಕಳಿಸಿದೆ? ಅವಳು ಆ ಸಾವಿನ ಬಗ್ಗೆ ಹೇಳತೊಡಗಿದಾಗ ತಡೆದುಕೊಳ್ಳಲಾರದೆ ಬೇಡ ಬೇಡ ಎಂದೆ. ಆಮೇಲೆ ಇಬ್ಬರೂ, ನೀನು ಕರಡಿ ಅವಳು ಅಳಿಲು ಎಂದು ನಟಿಸುವ ನಿಮ್ಮ ಹಳೆಯ ಆಟಕ್ಕಿಳಿದಿರಿ, ತೆರೆ ಬಿತ್ತು. ಆ ನಾಟಕವನ್ನು ಮತ್ತೆ ಆಡಿಸುವ ನಿರ್ದೇಶಕರಲ್ಲಿ ನನ್ನ ಬೇಡಿಕೆ ಒಂದೇ: ಅಲ್ಲಿ ಜಿಮ್ಮಿಯ ಕಣ್ಣೀರಿಗೆ ಬೆಳಕು ಕೊಡಬೇಡಿ, ಅಲಿಸನ್ ತನ್ನ ಮಗುವಿನ ಬಗ್ಗೆ ಹೇಳುವ ಅಷ್ಟೂ ಮಾತನ್ನು ಪ್ರೇಕ್ಷಕರು ಪೂರ್ತಿ ಕೇಳುವಂತೆ ಮಾಡಿ.

ಇತಿ,
ನಿನ್ನ ನಾಟಕವನ್ನು ಇಂದಿಗೂ ಬಿಡಲಾಗದ ಒಬ್ಬ ಓದುಗ