ಏರಿಯಲ್ ಮೀಮಾಂಸೆ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್ ಇರುವ ದಿನ ಮೋಟೆಬೆನ್ನೂರಿನ ಹೈವೇ ಬದಿಗೆ ನಿಂತು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅಲ್ಲಿ ಹಾಯುವ ವಾಹನಗಳ ಮೇಲಿನ ಏರಿಯಲ್ಲುಗಳು ಉದ್ದವಾಗುತ್ತಿವೆ, ಆ ವಾಹನಗಳೊಳಗೆ ಕೂತು ರೇಡಿಯೊ ಕೇಳುವವರು ಕಡಿಮೆಯಾಗುತ್ತಿದ್ದಾರೆ. ನಮ್ಮ ವಿದ್ವತ್ ಲೋಕ ಇದನ್ನು ಗಮನಿಸಿಲ್ಲ. ಶಾಸನದವರು ಹಾವೇರಿಯ ಸಿದ್ಧೇಶ್ವರ ಗುಡಿ ಬಿಟ್ಟು ಕದಲುವುದಿಲ್ಲ, ಸಾಹಿತ್ಯದವರು ಕಾಗಿನೆಲೆ ಬಿಟ್ಟು ಬರುವುದಿಲ್ಲ. ಕಂಪನಿಯವರು ಕೊಟ್ಟ ಗೇಣುದ್ದದ ಏರಿಯಲ್ಲನ್ನು ತಿರುವಿ ಬಿಸಾಕಿ ಆಳುದ್ದದ ಕಡ್ಡಿಯನ್ನು ನೆಡಿಸಿಕೊಳ್ಳುವ ಆಧುನಿಕ ಮಾನವನ ಬಗ್ಗೆ ಒಂದು ಪಿಎಚ್‌ಡಿಯೂ ಆಗಿಲ್ಲ. ಆ ಕೊರತೆಯನ್ನು ನೀಗಲು, ಯಾವ ಮಾರ್ಗದರ್ಶಕರ ಕಾಟವೂ ಇಲ್ಲದೆ, ಈ ಪ್ರಬಂಧ ಹೊರಟಿದೆ.

ಅಧ್ಯಾಯ 1: ಪ್ರಮಾಣ ವಿಚಾರ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತರ್ಕಶಾಸ್ತ್ರಿಗಳು ಊಹಿಸುತ್ತಾರೆ. ಬ್ಯಾಡಗಿಯಲ್ಲಿ ಈ ಉದಾಹರಣೆ ನಡೆಯುವುದಿಲ್ಲ. ಇಲ್ಲಿ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ, ಜನ ಕೆಮ್ಮುತ್ತಲೇ ಇರುತ್ತಾರೆ. ‘ಎಲ್ಲೆಲ್ಲಿ ಕೆಮ್ಮೋ ಅಲ್ಲಲ್ಲಿ ಮೆಣಸಿನಕಾಯಿ’ ಎಂಬುದೇ ಸ್ಥಳೀಯ ವ್ಯಾಪ್ತಿವಾಕ್ಯ. ಅದೇ ಜಾಡು ಹಿಡಿದು ಪೂರ್ವಪಕ್ಷದವರು ‘ಎಲ್ಲೆಲ್ಲಿ ಏರಿಯಲ್ಲೋ ಅಲ್ಲಲ್ಲಿ ರೇಡಿಯೊ’ ಎಂದು ಸಾಧಿಸಲು ಬರುತ್ತಾರೆ.

ಅದು ನಿಲ್ಲದು. ದಲಾಲಿ ಅಂಗಡಿಯ ಮುಂದೆ ನಿಂತ ಒಂದು ಥಾರ್ ಗಾಡಿಯನ್ನೇ ತೆಗೆದುಕೊಳ್ಳೋಣ. ಹಿಂದಿನ ಬಂಪರಿನಿಂದ ಹೊರಟ ಕಡ್ಡಿ ಮೇಲೆದ್ದು, ಬಾಗಿ, ಮುಂದಿನ ಗಾರ್ಡಿಗೆ ದಾರದಿಂದ ಬಿಗಿದುಕೊಂಡಿದೆ. ಡೆಕ್ ಇರಬೇಕಾದ ಜಾಗದಲ್ಲಿ ಸಿದ್ಧಾರೂಢರ ಫೋಟೊ ಇದೆ. ಶೋಧಕ ವಿನಯದಿಂದ ಕೇಳುತ್ತಾನೆ:

“ಯಣ್ಣಾ, ಇದರ ವಾಯರ್ ಎಲ್ಲಿಗ್ ಹೋಗೈತ್ರೀ?”

“ವಾಯರ್ ಯಾಕ ಬೇಕ್ರೀ ಸರ? ಹೊರಗ ಕಾಣಾಕತ್ತೈತಲ್ಲ.”

ಹೇತುವಾದ ಏರಿಯಲ್ ಇದೆ, ಸಾಧ್ಯವಾದ ರೇಡಿಯೊ ಇಲ್ಲ. ಶಾಸ್ತ್ರದಲ್ಲಿ ಇದಕ್ಕೆ ವ್ಯಭಿಚಾರ ದೋಷ ಎನ್ನುತ್ತಾರೆ. ಗಾಡಿಯ ಮಾಲೀಕರಿಗೆ ಈ ಪರಿಭಾಷೆಯನ್ನು ವಿವರಿಸುವ ಧೈರ್ಯ ಶೋಧಕನಿಗೆ ಬರಲಿಲ್ಲ.

ಇಲ್ಲಿ ಇತಿಹಾಸದ ಒಂದು ತಿರುವನ್ನೂ ದಾಖಲಿಸಬೇಕು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ರೇಡಿಯೊ ಇಟ್ಟುಕೊಳ್ಳುವವರು ಲೈಸೆನ್ಸ್ ಮಾಡಿಸಬೇಕಿತ್ತು. ದಶಕಗಟ್ಟಲೆ ನಮ್ಮ ಹಿರಿಯರು ಪುಸ್ತಕ ಹಿಡಿದು ಪೋಸ್ಟ್ ಆಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ಬಂದರು. ಕಟ್ಟದವರ ವಿರುದ್ಧ ಏರಿಯಲ್ಲೇ ಸಾಕ್ಷಿ, ಅದನ್ನು ಅಡಗಿಸಬೇಕಿತ್ತು. ಅಂದು ರೇಡಿಯೊ ಇದ್ದು ಏರಿಯಲ್ ಮುಚ್ಚಿಟ್ಟರು, ಇಂದು ರೇಡಿಯೊ ಇಲ್ಲದೆ ಏರಿಯಲ್ ಮೆರೆಸುತ್ತಾರೆ. ಎರಡೂ ಕಾಲದಲ್ಲಿ ಸರ್ಕಾರಕ್ಕೆ ಸರಿಯಾದ ಲೆಕ್ಕ ಸಿಗಲಿಲ್ಲ.

ಅಧ್ಯಾಯ 2: ವರ್ಗೀಕರಣ

ಏರಿಯಲ್ಲುಗಳನ್ನು ವಿಂಗಡಿಸಲು ಪಶ್ಚಿಮದವರು ಬಗೆಬಗೆಯ ಕೋಷ್ಟಕ ಮಾಡಿದ್ದಾರೆ. ನಮಗೆ ಅದರ ಅಗತ್ಯವಿಲ್ಲ, ಬ್ಯಾಡಗಿ ಮಾರುಕಟ್ಟೆಯಲ್ಲಿ ವಿಂಗಡಣೆ ಮೊದಲೇ ಸಿದ್ಧವಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಮೆಣಸಿನಕಾಯಿಯಲ್ಲಿ ಎರಡು ಕುಲ: ತೆಳ್ಳಗೆ ಉದ್ದವಾಗಿ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡಗೆ ದುಂಡಗಿದ್ದದ್ದು ಡಬ್ಬಿ. ಏರಿಯಲ್ಲೂ ಹಾಗೆಯೇ. ಅಂಬಾಸಡರ್ ಕಾಲದ ಎಳೆದು ಉದ್ದ ಮಾಡುವ ಸ್ಟೀಲಿನದು, ಜೀಪಿನ ಬಳುಕುವ ಚಾಟಿ, ಇವು ಕಡ್ಡಿ ಕುಲ. ಹೊಸ ಕಾರುಗಳ ಬೆನ್ನ ಮೇಲೆ ಮೀನಿನ ರೆಕ್ಕೆಯಂತೆ ಕೂತದ್ದು ಡಬ್ಬಿ ಕುಲ. ರಬ್ಬರಿನ ಹೊದಿಕೆಯೊಳಗೆ ತಂತಿ ಸುತ್ತಿಟ್ಟ ಗೇಣುದ್ದದ್ದು ಸಂಕರ ತಳಿ.

ಮೆಣಸಿನಕಾಯಿಯ ಜೊತೆ ಇನ್ನೂ ಒಂದು ಸಾಮ್ಯ ಉಂಟು, ಪ್ರಬಂಧದ ಜೀವ ಅದರಲ್ಲೇ ಇದೆ. ಬ್ಯಾಡಗಿ ಕಾಯಿಯ ಕಡುಗೆಂಪು ಕಂಡ ಪರಊರಿನವರು ಬಾಯಿ ಸುಟ್ಟೀತೆಂದು ಹೆದರುತ್ತಾರೆ. ಅದು ಬಣ್ಣಕ್ಕೆ ಹೆಸರಾದ ಕಾಯಿ, ಖಾರ ಕಡಿಮೆ. ಉದ್ದ ಏರಿಯಲ್ಲಿನದೂ ಅಂಥದೇ ನಡತೆ. ಒಂದು ವ್ಯತ್ಯಾಸ: ಮೆಣಸಿನಕಾಯಿಗೆ ಆ ಬಣ್ಣಕ್ಕೇ ರೇಟು ಸಿಗುತ್ತದೆ.

ಅಧ್ಯಾಯ 3: ಉದ್ದದ ಪ್ರಶ್ನೆ

ಅಲೆಯುದ್ದದ ಕಾಲು ಭಾಗ ಏರಿಯಲ್ ಇದ್ದರೆ ಉತ್ತಮ ಎಂಬುದು ಈ ಶಾಸ್ತ್ರದ ಮೂಲಸೂತ್ರ. ಎಫ್‌ಎಂ ಪ್ರಸಾರ 100 ಮೆಗಾಹರ್ಟ್ಜ್ ಆಸುಪಾಸಿನದು. ಅಲೆ 3 ಮೀಟರ್, ಅದರ ಕಾಲು 75 ಸೆಂಟಿಮೀಟರ್. ಒಂದೂವರೆ ಮೊಳಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದರಾಚೆಗಿನ ಉದ್ದವೆಲ್ಲ ಅಲಂಕಾರಶಾಸ್ತ್ರಕ್ಕೆ ಸೇರಿದ್ದು.

ಧಾರವಾಡ ಆಕಾಶವಾಣಿ ಬೇರೆ ಮಾತು. 1950ರ ಜನವರಿ 8ರಂದು ಹುಟ್ಟಿದ ಈ ನಿಲಯ ಮಧ್ಯಮ ತರಂಗಾಂತರದಲ್ಲಿ 765 ಕಿಲೋಹರ್ಟ್ಜ್‌ನಲ್ಲಿ ಬರುತ್ತದೆ. ಆ ಅಲೆಯುದ್ದ ಸುಮಾರು 392 ಮೀಟರ್, ಕಾಲು ಭಾಗ 98 ಮೀಟರ್. ಅಂದರೆ ಬ್ಯಾಡಗಿಯ ಬೊಲೆರೊ ಪಿಕಪ್ಪಿಗೆ ಶಾಸ್ತ್ರೋಕ್ತ ಏರಿಯಲ್ ಹಾಕಿಸಬೇಕೆಂದರೆ ಮೂವತ್ತಂತಸ್ತಿನ ಕಡ್ಡಿ ಬೇಕು. ಕರೆಂಟಿನ ಗಾಡಿ ಓಡುವ ನಮ್ಮ ಲೈನಿನಲ್ಲಿ ರೈಲ್ವೆ ಗೇಟಿನ ಮುಂದೆ ಅಡ್ಡಕಟ್ಟಿದ ಹೈಟ್ ಗೇಜು 5 ಮೀಟರಿಗೂ ಕೆಳಗಿರುತ್ತದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಶಾಸ್ತ್ರವನ್ನು ಅಕ್ಷರಶಃ ಪಾಲಿಸಿದವನಿಗೆ ಧಾರವಾಡ ಕೇಳಿಸುವ ಮೊದಲೇ ಕೈಲಾಸ ಕಾಣಿಸುತ್ತದೆ.

ಹಾಗಾದರೆ ಮೊಳದುದ್ದದ ಕಡ್ಡಿಯಲ್ಲಿ ಧಾರವಾಡ ಬರುವುದು ಹೇಗೆ? ಕಾಲಲೆಯ ನಿಯಮ ಪಾಲಿಸದೆ ಹೋದರೂ ಕಡ್ಡಿ ಗಾಳಿಯಲ್ಲಿನ ವೋಲ್ಟೇಜಿನ ಚೂರನ್ನು ಸವರಿಕೊಂಡು ಬರುತ್ತದೆ, ಅದನ್ನು ಸೆಟ್ಟು ಹಿಗ್ಗಿಸುತ್ತದೆ. ಮಧ್ಯಮ ತರಂಗಕ್ಕೆ ಉದ್ದ ಹೆಚ್ಚಿದಷ್ಟೂ ಲಾಭ ಎಂಬುದು ನಿಜ, ಉದ್ದದ್ದೇ ಬೇಕೆನ್ನುವ ಕಡ್ಡಿ ಪಂಥದವರ ವಾದದಲ್ಲಿ ಇದೊಂದೇ ಸತ್ಯ. ಆದರೆ ಅವರು ಕೇಳುವುದು ಎಫ್‌ಎಂ. ಅಲ್ಲಿ ಏರಿಯಲ್ ತುದಿಯನ್ನು ನೆಲದಿಂದ 2 ಮೀಟರಿನಿಂದ 3 ಮೀಟರಿಗೆ ಎತ್ತಿದರೆ ಅದರ ದಿಗಂತ ಹಿಗ್ಗುವುದು ಸುಮಾರು 1.3 ಕಿಲೋಮೀಟರು. ಧಾರವಾಡ ನೂರು ಕಿಲೋಮೀಟರಿನಾಚೆ ಇದೆ. ಇಷ್ಟು ಖರ್ಚು ಮಾಡಿ ಮೋಟೆಬೆನ್ನೂರನ್ನೂ ಮುಟ್ಟಿದಂತಾಗಲಿಲ್ಲ.

ಅಧ್ಯಾಯ 4: ಆಫ್ ರೋಡ್ ವಿಚಾರ

ದಾರಿ ಬಿಟ್ಟು ಹೋಗಬೇಕಾದರೆ ಮೊದಲು ದಾರಿ ಇರಬೇಕು. ಅಧ್ಯಾಯ ಮುಗಿಯಿತು.

ನಾಲ್ಕನೆಯ ಅಧ್ಯಾಯಕ್ಕೆ ಪರಿಶಿಷ್ಟ

ಪರೀಕ್ಷಕರ ಆಕ್ಷೇಪಕ್ಕೆ ಮಣಿದು ಇಷ್ಟನ್ನು ಸೇರಿಸಿದೆ. ಎರೆ ಹೊಲದ ಬಂಡಿಜಾಡಿನಲ್ಲಿ, ಜಾಲಿ ಕಂಟಿಗಳ ನಡುವೆ ಗಾಡಿ ಹೊಡೆಯುವವರು ಗಟ್ಟಿ ಸ್ಟೀಲಿನ ಕಡ್ಡಿ ಹಾಕಿಸಿದರೆ ಮೊದಲ ಟೊಂಗೆಗೇ ಬುಡ ಕಿತ್ತು ಬರುತ್ತದೆ, ಟಾಪಿನ ತಗಡಿನಲ್ಲಿ ತೂತು ಉಳಿಯುತ್ತದೆ, ಮಳೆಗಾಲದಲ್ಲಿ ಸೀಟಿನ ಮೇಲೆ ನೀರು. ಬಳುಕುವ ಫೈಬರ್ ಕಡ್ಡಿ ಹಾಕಿಸಿ ಬುಡಕ್ಕೆ ಸ್ಪ್ರಿಂಗ್ ಕೊಡಿಸಬೇಕು.

ಕೇಳುವುದಷ್ಟೇ ಅಲ್ಲ, ಗಾಡಿಯಿಂದ ಗಾಡಿಗೆ ಮಾತಾಡಬೇಕು ಎನ್ನುವವರದು ಬೇರೆ ಕತೆ. ಜನಸಾಮಾನ್ಯರಿಗೆ ಲೈಸೆನ್ಸಿಲ್ಲದೆ ಬಿಟ್ಟ 27 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಅಲೆ 11 ಮೀಟರ್, ಕಾಲು ಭಾಗ ಎರಡೂ ಮುಕ್ಕಾಲು ಮೀಟರ್, ಅಂದರೆ 2.75. ಥಾರಿನ ಮೇಲೆ ಬಿಲ್ಲಿನಂತೆ ಬಾಗಿದ ಆ ಚಾಟಿಯ ಮೂಲ ಇಲ್ಲಿದೆ, ಅದು ಬೇರೆ ದೇಶದ ಲಾರಿಯವರ ಅಳತೆ. 446 ಮೆಗಾಹರ್ಟ್ಜ್‌ನ ವಾಕಿಟಾಕಿಗೆ 17 ಸೆಂಟಿಮೀಟರ್ ಸಾಕು. ಹ್ಯಾಮ್‌ನವರ 144 ಮೆಗಾಹರ್ಟ್ಜ್‌ಗೆ ಅರ್ಧ ಮೀಟರ್ ಸಾಕು, ಜೊತೆಗೊಂದು ಪರೀಕ್ಷೆಯನ್ನೂ ಪಾಸಾಗಬೇಕು. ಮಾತಾಡುವ ಸೆಟ್ಟಿಗೆ ಅಳತೆ ತಪ್ಪಿದ ಏರಿಯಲ್ ಕಟ್ಟಿದರೆ ಹೊರಟ ಶಕ್ತಿ ಹೊರಗೆ ಹೋಗದೆ ತಿರುಗಿ ಬಂದು ಸೆಟ್ಟನ್ನೇ ಸುಡಬಹುದು.

ಅಧ್ಯಾಯ 5: ಬುಡದ ವಿಚಾರ

ಏರಿಯಲ್ಲಿನ ಅರ್ಧ ಕಡ್ಡಿಯಲ್ಲಿದೆ, ಇನ್ನರ್ಧ ಅದರ ಕೆಳಗಿನ ತಗಡಿನಲ್ಲಿದೆ. ಟಾಪಿನ ನಟ್ಟನಡುವೆ, ಬಣ್ಣ ಕೆರೆದು, ಲೋಹಕ್ಕೆ ಲೋಹ ಮುಟ್ಟುವಂತೆ ಕೂರಿಸಿದ ಮೊಳದುದ್ದದ ಕಡ್ಡಿ, ಬಂಪರಿನ ಮೂಲೆಯಲ್ಲಿ ನೆಟ್ಟ ಆಳುದ್ದದ್ದನ್ನು ಸೋಲಿಸುತ್ತದೆ. ತಾಡಪತ್ರಿಯ ಟಾಪಿನ ಜೀಪಿಗೆ, ಫೈಬರ್ ಹುಡ್ಡಿನ ಟ್ರ್ಯಾಕ್ಟರಿಗೆ ಏನೇ ನೆಟ್ಟರೂ ಅದು ಅರ್ಧ ಏರಿಯಲ್ಲೇ.

ಇನ್ನೊಂದು ರಹಸ್ಯ ನೀಲಿ ವಾಯರಿನದು. ಈಗಿನ ಗೇಣುದ್ದದ ಏರಿಯಲ್ಲುಗಳ ಬುಡದಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಬೇಕು. ದೊಡ್ಡ ಪರದೆಯ ಹೊಸ ಡೆಕ್ ಕೂರಿಸುವಾಗ ಆ ಕರೆಂಟು ಕೊಡುವ ನೀಲಿ ವಾಯರನ್ನು ಟೇಪು ಸುತ್ತಿ ಒಳಗೆ ತುರುಕಿಬಿಡುತ್ತಾರೆ. ಮರುದಿನದಿಂದ ರೇಡಿಯೊ ಮೂಕ. ಮಾಲೀಕ ಕಂಪನಿಯ ಏರಿಯಲ್ಲನ್ನು ಬೈಯುತ್ತಾನೆ, ಬಿಚ್ಚಿ ಬಿಸಾಕುತ್ತಾನೆ, ಉದ್ದದ್ದು ಹಾಕಿಸುತ್ತಾನೆ. ಕಡ್ಡಿ ಪಂಥಕ್ಕೆ ಸೇರಿದವರಲ್ಲಿ ಬಹುಪಾಲು ಹೀಗೆ ಮತಾಂತರವಾದವರು ಎಂದು ನಮ್ಮ ಊಹೆ.

ಅಧ್ಯಾಯ 6: ಸದ್ದಲೇ

ಉಪಮಾನ ಪ್ರಮಾಣಕ್ಕೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಬೇಕು. ದಸರೆಯ ವೇಳೆಗೆ ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ವರ್ಷದ ಭವಿಷ್ಯವಾದ ಕಾರ್ಣಿಕ ನುಡಿಯುತ್ತಾರೆ. ಕಡ್ಡಿ ಪಂಥದವರು ಇದನ್ನು ತಮ್ಮ ಪರವಾಗಿ ಎಳೆಯುತ್ತಾರೆ: ನೋಡಿ, ಎತ್ತರ ಏರಿದ್ದಕ್ಕೇ ಅಲ್ಲವೇ ಎಲ್ಲರಿಗೂ ಕೇಳಿದ್ದು!

ಅವರು ಕ್ರಮವನ್ನು ಗಮನಿಸಿಲ್ಲ. ತುದಿ ಮುಟ್ಟಿದ ಗೊರವಯ್ಯ ನುಡಿಗೆ ಮೊದಲು ಕೂಗುವುದು ‘ಸದ್ದಲೇ’ ಎಂದು. ಅಷ್ಟು ಹೊತ್ತು ಗಿಜಿಗುಡುತ್ತಿದ್ದ ಸಾವಿರಾರು ಜನ ಗಪ್ಪಾಗುತ್ತಾರೆ. ಆಮೇಲೆ ಒಂದೇ ವಾಕ್ಯ. ರೇಡಿಯೊ ಎಂಜಿನಿಯರುಗಳು ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅನುಪಾತ ಎಂದು ಪುಸ್ತಕಗಟ್ಟಲೆ ಬರೆದದ್ದು ಇದನ್ನೇ. (ಆ ಒಂದು ವಾಕ್ಯದಲ್ಲಿ ಮಳೆ ಕಂಡವರು, ಮೆಣಸಿನಕಾಯಿ ರೇಟು ಕಂಡವರು, ಮುಖ್ಯಮಂತ್ರಿ ಬದಲಾವಣೆ ಕಂಡವರು ಬೇರೆ ಬೇರೆ. ಅದು ಡಿಕೋಡಿಂಗ್ ವಿಚಾರ, ಮುಂದಿನ ಪ್ರಬಂಧಕ್ಕೆ ಇರಲಿ.)

ಗಾಡಿಯೊಳಗಿನ ಗದ್ದಲ ಯಾವುದು? ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದ ಅಗ್ಗದ ಮೊಬೈಲ್ ಚಾರ್ಜರ್. ಅದು 12 ವೋಲ್ಟನ್ನು 5ಕ್ಕೆ ಇಳಿಸಲು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕರೆಂಟನ್ನು ಕಡಿದು ಕೂಡಿಸುತ್ತದೆ, ಆ ಕಡಿತದ ಸದ್ದು ಮಧ್ಯಮ ತರಂಗದ ತುಂಬ ಕೂರುತ್ತದೆ. ಹೊಸ ಎಲ್‌ಇಡಿ ಲೈಟುಗಳದೂ ಇದೇ ಚಾಳಿ. ಏರಿಯಲ್ ಉದ್ದವಾದರೆ ಧಾರವಾಡದ ಜೊತೆಗೆ ಈ ಗರಗರವನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದು ತರುತ್ತದೆ.

ಈ ಸಿದ್ಧಾಂತವನ್ನು ಶೋಧಕ ಪೇಟೆಯ ಒಬ್ಬ ಎಲೆಕ್ಟ್ರಿಷಿಯನ್ ಕಾಕಾರ ಮುಂದೆ ಮಂಡಿಸಿದ. ಅವರು ಮಾತಾಡಲಿಲ್ಲ. ಎದುರಿಗಿದ್ದ ಪಿಕಪ್ಪಿನೊಳಗೆ ಕೈ ಹಾಕಿ ಚಾರ್ಜರ್ ಕಿತ್ತರು. ಕಂಪನಿಯವರು ಕೊಟ್ಟ ಅದೇ ಗೇಣುದ್ದದ ಏರಿಯಲ್ಲಿನಲ್ಲಿ 765ರ ಕೃಷಿ ಕಾರ್ಯಕ್ರಮ ಗಂಟೆ ಬಾರಿಸಿದಂತೆ ಹೊರಟಿತು. ಡ್ರೈವರ್ ಹುಡುಗ ಅರ್ಧ ನಿಮಿಷ ಕೇಳಿದ, ಮೊಬೈಲ್ ತೆಗೆದು ಬ್ಯಾಟರಿ ನೋಡಿದ.

“ಕಾಕಾ, ಅದನ್ನ ಮತ್ತ ಸಿಗಸ್ರೀ, ಹಾಡು ಕೇಳೂದೈತಿ. ಮತ್ತ ಆ ಉದ್ದನ್ ಏರಿಯಲ್ ಎಷ್ಟಕ್ಕ ಕೊಡ್ತೀರಿ?”